ಮ್ಯಾನಟಿಗಳನ್ನು ನೆಮ್ಮದಿಯಾಗಿ ಮಲಗೋಕೆ ಬಿಡ್ರಪ್ಪಾ!

ಫ್ಲಾರಿಡಾದ ಕ್ರಿಸ್ಟಲ್ ರಿವರ್‌ಗೆ ಹೋಗಿ ಬಂದಾಗಿನಿಂದ ನನ್ನ ಸಿಟ್ಟು ಇಳಿದೇ ಇಲ್ಲ. ಮ್ಯಾನಟಿ ಅನ್ನೋ, ನೀರಲ್ಲೇ ಬದುಕುವ ದೊಡ್ಡ ಸಸ್ತನಿ ಪ್ರಾಣಿ ನೋಡೋಕೆ ಅಂತ ಅಷ್ಟು ದೂರದಿಂದ ಬರುತ್ತಾರೆ, ಆ ಪ್ರಾಣಿಯ ಮೇಲೆ ಚೂರಾದರೂ ಕರುಣೆ ಬೇಡವಾ? ಆ ಗುಂಪಿನಲ್ಲಿ ಕನ್ನಡ ಮಾತಾಡುವವರೂ ಇದ್ದರು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನೆಲದಡಿಯ ಬುಗ್ಗೆಗಳಿಂದ ಹುಟ್ಟುವ ನದಿ ಅದು. ಅದು ಶುರುವಾಗುವ ಜಾಗದಲ್ಲಿರುವ ಕಿಂಗ್ಸ್ ಬೇ ಎಂಬ ಕೊಲ್ಲಿ ಒಂದರಲ್ಲೇ 70ಕ್ಕೂ ಜಾಸ್ತಿ ಬುಗ್ಗೆಗಳಿವೆ. ಅವುಗಳ ನೀರು ವರ್ಷಪೂರ್ತಿ ಸುಮಾರು 22 ಡಿಗ್ರಿ ಇರುತ್ತದೆ. ಚಳಿಗಾಲದಲ್ಲಿ ಸಮುದ್ರ ತಣ್ಣಗಾದಾಗ ನೂರಾರು ಮ್ಯಾನಟಿಗಳು ಇಲ್ಲಿಗೆ ಬರುತ್ತವೆ. ನೋಡೋಕೆ ದಪ್ಪಗಿದ್ದರೂ ಅವುಗಳ ಮೈಯಲ್ಲಿ ಚಳಿ ತಡೆಯುವಷ್ಟು ಕೊಬ್ಬಿಲ್ಲ. 20 ಡಿಗ್ರಿಗಿಂತ ತಣ್ಣನೆಯ ನೀರಿನಲ್ಲಿ ಜಾಸ್ತಿ ದಿನ ಇದ್ದರೆ ಕಾಯಿಲೆ ಬಿದ್ದು ಸಾಯುತ್ತವೆ. ಜೀವ ಉಳಿಸಿಕೊಳ್ಳೋಕೆ ಬಂದಿರುತ್ತವೆ ಅವು, ನಮಗೆ ಫೋಟೋ ಕೊಡೋಕಲ್ಲ.

ನಾನು ಹೋದಾಗ ಒಂದು ತಾಯಿ ಮ್ಯಾನಟಿ, ಅದರ ಮರಿ ತಳದಲ್ಲಿ ಮಲಗಿದ್ದವು. ಉಸಿರಾಡಲು ಮೇಲೆ ಬಂದದ್ದೇ ತಡ, ಜನ ಸುತ್ತ ಮುತ್ತಿಕೊಂಡರು. ಒಬ್ಬ ಮರಿಯ ಬೆನ್ನು ಹಿಡಿದುಕೊಂಡು ಸೆಲ್ಫಿಗೆ ನಿಂತ! ತಾಯಿ ಬೆದರಿ, ಮರಿ ಕರೆದುಕೊಂಡು ಬುಗ್ಗೆಯಿಂದ ಆಚೆ ತಣ್ಣೀರಿನ ಕಡೆಗೆ ಹೋಯಿತು. ಗೈಡ್ ನೋಡಿದರೂ ತುಟಿ ಬಿಚ್ಚಲಿಲ್ಲ. ಕೇಳಿದರೆ, ದುಡ್ಡು ಕೊಟ್ಟು ಬಂದವರಿಗೆ ಏನು ಹೇಳೋದು ಎಂದ. ಮ್ಯಾನಟಿಗೆ ಕಾಟ ಕೊಡುವುದು ಅಮೆರಿಕದಲ್ಲಿ 1972ರಿಂದಲೂ ಫೆಡರಲ್ ಕಾನೂನಿನಡಿ ಅಪರಾಧ. ಅದನ್ನು ಹೇಳಬೇಕಾದವನೇ ಬಾಯಿ ಮುಚ್ಚಿಕೊಂಡರೆ ಹೇಗೆ?

ಗಾಳ ಹಾಕುವವರ ಬಗ್ಗೆ ಕೇಳಲೇಬೇಡಿ. ಗಾಳ ಹಿಡಿದು ಕೂರುವುದು ನನಗೂ ಇಷ್ಟ. ಶೀಪ್ಸ್‌ಹೆಡ್ ಮೀನು ಹಿಡಿಯಲಿ, ರೆಡ್‌ಫಿಶ್ ಹಿಡಿಯಲಿ, ಯಾರು ಬೇಡ ಎಂದರು? ಆದರೆ ಸಿಕ್ಕು ಬಿದ್ದ ನೈಲಾನ್ ದಾರವನ್ನು ಕತ್ತರಿಸಿ ಸೀದಾ ನೀರಿಗೆ ಎಸೆಯುತ್ತಾರೆ! ಅದನ್ನು ಹಾಕೋಕೆ ಅಂತಲೇ ದಡದಲ್ಲಿ ಪಿವಿಸಿ ಪೈಪ್ ನಿಲ್ಲಿಸಿದ್ದಾರೆ. ನಾಲ್ಕು ಹೆಜ್ಜೆ ನಡೆಯೋಕೆ ಏನು ಧಾಡಿ? ಆ ದಾರ ಮ್ಯಾನಟಿಯ ಮುಂಗೈಗೆ ಸುತ್ತಿಕೊಂಡು ದಿನೇ ದಿನೇ ಒಳಗೆ ಕೊಯ್ಯುತ್ತದೆ. ಕೆಲವಕ್ಕೆ ಮುಂಗೈಯೇ ಹೋಗುತ್ತದೆ.

ಇದೆಲ್ಲ ಸಾಲದು ಎಂದು ಬೋಟುಗಳು ಬೇರೆ. ಸಂಶೋಧಕರು ಒಂದೊಂದು ಮ್ಯಾನಟಿಯನ್ನೂ ಗುರುತು ಹಿಡಿಯುವುದು ಅದರ ಮೈಮೇಲಿನ ಗಾಯದ ಕಲೆಗಳಿಂದ. ಬಹುಪಾಲು ಪ್ರೊಪೆಲ್ಲರ್ ಕೊಯ್ದ ಕಲೆಗಳವು. ನಿಧಾನಕ್ಕೆ ಹೋಗಿ ಎಂದು ಬೋರ್ಡ್ ಇದ್ದರೂ ಪಕ್ಕದಲ್ಲೇ ರೊಯ್ಯನೆ ಹೋಗುತ್ತಾರಲ್ಲ, ಹೊಟ್ಟೆ ಉರಿಯುತ್ತದೆ.

ಈ ಚಳಿಗಾಲದಲ್ಲಿ ಹೋಗುವವರು ತ್ರೀ ಸಿಸ್ಟರ್ಸ್ ಬುಗ್ಗೆಯ ಸುತ್ತ ಹಾಕಿರುವ ಹಲಗೆ ದಾರಿಯ ಮೇಲೆ ನಿಂತು ನೋಡಿ. ನೀರು ತಿಳಿಯಾಗಿದೆ, ಮೇಲಿಂದಲೇ ಚೆನ್ನಾಗಿ ಕಾಣುತ್ತವೆ. ನೀರಿಗೆ ಇಳಿಯಲೇಬೇಕು ಎಂದರೆ ದೂರದಲ್ಲೇ ಸುಮ್ನೆ ತೇಲಿ. ಪಕ್ಕದವರು ಮುಟ್ಟೋಕೆ ಹೋದರೆ ಬೈಯಿರಿ, ಗೈಡ್ ಬೈಯಲಿ ಅಂತ ಕಾಯಬೇಡಿ.