ಮೊಲದ ರೋಮದ ಗೆರೆ ಬ್ರಷ್‌ನಲ್ಲಿ ಬರೆದದ್ದಲ್ಲ

ಚೀನಾದ ಹಳೆಯ ಕಪ್ಪು ಟೀ ಬಟ್ಟಲಿನ ಫೋಟೋ ಒಂದು ವಾಟ್ಸಾಪ್‌ನಲ್ಲಿ ಓಡಾಡ್ತಿದೆ. ‘ಕೂದಲೆಳೆಯಷ್ಟು ಸಣ್ಣ ಬ್ರಷ್‌ನಿಂದ ಒಂದೊಂದೇ ಗೆರೆ ಬರೆದಿದ್ದಾರೆ’ ಎಂದು ಕೆಳಗೆ ಒಕ್ಕಣೆ. ನೋಡಿದರೆ ಹಾಗೇ ಅನ್ನಿಸುತ್ತದೆ, ಅಲ್ವಾ? ಆದರೆ ಅದು ತಪ್ಪು.

ಇವು ಸಾಂಗ್ ರಾಜರ ಕಾಲದಲ್ಲಿ (960–1279) ಫುಜಿಯಾನ್ ಪ್ರಾಂತ್ಯದಲ್ಲಿ ಮಾಡಿದ ಜಿಯಾನ್ ಬಟ್ಟಲುಗಳು. ಆ ಗೆರೆಗಳನ್ನು ಯಾರೂ ಬರೆದಿಲ್ಲ. ಬಟ್ಟಲಿನ ಮೇಲಿನ ಗಾಜಿನಂಥ ಲೇಪದಲ್ಲಿ, ಅಂದರೆ ಗ್ಲೇಜ್‌ನಲ್ಲಿ, ಕಬ್ಬಿಣದ ಅಂಶ ಜಾಸ್ತಿ. ಸುಮಾರು 1300 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಗ್ಲೇಜ್ ಕರಗಿ, ಒಳಗೆ ಗುಳ್ಳೆಗಳು ಏಳುತ್ತವೆ. ಅವು ಕಬ್ಬಿಣವನ್ನು ಮೇಲಕ್ಕೆ ಎಳೆದು ತರುತ್ತವೆ. ಅದು ಇದ್ದಲ್ಲೇ ನಿಂತರೆ ಎಣ್ಣೆ ಹನಿಯಂಥ ಚುಕ್ಕೆ. ಕೆಳಕ್ಕೆ ಜಾರಿದರೆ ಮೊಲದ ರೋಮದಂಥ ಗೆರೆ. ಗ್ಲೇಜ್ ಹರಿದದ್ದಕ್ಕೆ ಗುರುತು ಬಟ್ಟಲಿನಲ್ಲೇ ಇದೆ: ಅಂಚಿನಲ್ಲಿ ತೆಳುವಾಗಿ ಕಂದು ಬಣ್ಣ, ಬುಡದ ಹತ್ತಿರ ದಪ್ಪಗೆ ಹೆಪ್ಪುಗಟ್ಟಿದ ಹನಿ.

ಹಾಗಂತ ಸುಮ್ನೆ ಅದೃಷ್ಟ ಎಂದೂ ಹೇಳಲಾಗದು. ಗ್ಲೇಜ್ ಎಷ್ಟು ದಪ್ಪ, ಕಾವು ಎಷ್ಟು, ಎಷ್ಟು ನಿಧಾನ ತಣಿಯಬೇಕು ಎಂಬುದು ಕುಂಬಾರರ ಅನುಭವದ ಲೆಕ್ಕ.

ಪಕ್ಕದ ಜಿಯಾಂಗ್ಸಿ ಪ್ರಾಂತ್ಯದ ಜಿಝೌ ಬಟ್ಟಲುಗಳ ಕಥೆ ಬೇರೆ. ಅಲ್ಲಿ ಕತ್ತರಿಸಿದ ಕಾಗದದಿಂದ ಚಿತ್ತಾರ ಮೂಡಿಸುತ್ತಿದ್ದರು, ಇಲ್ಲವೇ ನಿಜವಾದ ಮರದ ಎಲೆ ಇಟ್ಟು ಸುಡುತ್ತಿದ್ದರು. ಎಲೆ ಉರಿದು ಹೋಗಿ ನರಗಳ ಅಚ್ಚು ಉಳಿಯುತ್ತಿತ್ತು. ಅಲ್ಲಿ ವಿನ್ಯಾಸ ಕೈಯಿಂದಲೇ ಶುರುವಾಗುತ್ತಿತ್ತು. ಫೋಟೋದಲ್ಲಿರುವ ಬಟ್ಟಲು ಆ ಜಾತಿಯದ್ದಲ್ಲ.