ದೇವರು ಅಂದರೆ ನಂಬಿಬಿಡೋದೇ?

ಟೋಕಿಯೋದಲ್ಲಿ ಒಂದು ನೀರಿನ ಬಾಟಲಿ ಕೊಂಡರೂ ರಾಜಮರ್ಯಾದೆ. ತಲೆಬಾಗಿ ನಮಸ್ಕಾರ ಮಾಡುತ್ತಾರೆ, ಚಿಲ್ಲರೆಯನ್ನು ಪುಟ್ಟ ತಟ್ಟೆಯಲ್ಲಿಟ್ಟು ಕೊಡುತ್ತಾರೆ. ಇಂಥದ್ದೇ ಅಂಗಡಿಯಲ್ಲಿ ಒಬ್ಬ ಯಜಮಾನರು, ಊಟದ ಡಬ್ಬಿ ಜೊತೆ ಚಾಪ್‌ಸ್ಟಿಕ್ ಇಟ್ಟಿಲ್ಲ ಅಂತ ಕೌಂಟರ್ ಹುಡುಗನ ಮೇಲೆ ಕೂಗಾಡಿದ್ದನ್ನೂ ನೋಡಿದ್ದೇನೆ. ಹುಡುಗ ಸೊಂಟ ಬಗ್ಗಿಸಿ ನಿಂತೇ ಇದ್ದ. ಕ್ಯೂನಲ್ಲಿದ್ದ ನಾವ್ಯಾರೂ ತುಟಿ ಬಿಚ್ಚಲಿಲ್ಲ.

ಇಂಥವರು ಹಿಡಿದುಕೊಳ್ಳುವ ಮಾತು 'ಗಿರಾಕಿಯೇ ದೇವರು'. 1960ರ ದಶಕದಲ್ಲಿ ಅದನ್ನು ಆಡಿದವರು ಮಿನಾಮಿ ಹಾರುವೊ ಎಂಬ ಗಾಯಕ. ಅವರು ಹೇಳಿದ್ದೇ ಬೇರೆ. ದೇವರೆದುರು ನಿಂತ ಹಾಗೆ ಮನಸ್ಸು ಶುಚಿ ಮಾಡಿಕೊಳ್ಳದೆ ಹಾಡಲಾರೆ, ಕೇಳಲು ಬಂದವರೇ ನನಗೆ ದೇವರು ಅಂತ. ಅದು ಹಾಡುಗಾರ ತನಗೆ ತಾನೇ ಹಾಕಿಕೊಂಡ ಕಟ್ಟುಪಾಡು. ಹಾಸ್ಯ ಕಲಾವಿದರು ಮಾತನ್ನು ಎತ್ತಿಕೊಂಡು ಊರೆಲ್ಲ ಹಬ್ಬಿಸಿದರು. ಕೊನೆಗೆ ಗಿರಾಕಿಗಳೇ ಅದನ್ನು ಕಿತ್ತುಕೊಂಡು 'ನಾನು ದೇವರು, ಬಗ್ಗು' ಅನ್ನತೊಡಗಿದರು.

ನಮಗೆ ಇಲ್ಲಿ ಅಣ್ಣಾವ್ರು ನೆನಪಾಗದೆ ಇರ್ತಾರಾ? 'ಅಭಿಮಾನಿ ದೇವರುಗಳೇ' ಅಂತ ರಾಜ್‌ಕುಮಾರ್ ಕೈಮುಗಿಯುತ್ತಿದ್ದರು. ಅಲ್ಲೂ ಬಾಗಿದ್ದು ಹೇಳಿದವರ ತಲೆಯೇ. ಆದರೆ 2006ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡಾಗ ಬೆಂಗಳೂರಿನಲ್ಲಿ ಬಸ್ಸುಗಳಿಗೆ ಬೆಂಕಿ ಬಿತ್ತು. ಗಲಭೆಯಲ್ಲಿ ಒಬ್ಬ ಪೊಲೀಸ್ ಸೇರಿ ಹಲವರು ಸತ್ತರು. ಎಲ್ಲ ಅಭಿಮಾನಿಗಳನ್ನೂ ದೂರುತ್ತಿಲ್ಲ. ದೇವರು ಅನ್ನಿಸಿಕೊಂಡ ಗುಂಪಿಗೆ ತನ್ನನ್ನು ಹಿಡಿಯೋರು ಯಾರೂ ಇಲ್ಲ ಅನ್ನಿಸಿಬಿಡುತ್ತದೆ, ಅಷ್ಟೇ.

ಅಂಗಡಿ ವಿಷಯದಲ್ಲಿ ಮಾತ್ರ ನಮ್ಮವರು ಜಾಣರು. 'ಗ್ರಾಹಕರೇ ದೇವರು' ಬೋರ್ಡಿನ ಪಕ್ಕದಲ್ಲೇ 'ಇಂದು ನಗದು, ನಾಳೆ ಸಾಲ' ಅಂತಲೂ ಬರೆಸಿರುತ್ತಾರೆ. ದರ್ಶಿನಿಯಲ್ಲಿ ದೇವರೂ ಮೊದಲು ದುಡ್ಡು ಕೊಟ್ಟು ಟೋಕನ್ ತಗೋಬೇಕು. ಚಟ್ನಿ ಬೇಕಿದ್ರೆ ತಟ್ಟೆ ಹಿಡ್ಕೊಂಡು ಹೋಗಬೇಕು. 'ಸ್ವಲ್ಪ ತಡೀರಿ ಸಾರ್' ಅಂತ ದೋಸೆ ಹುಯ್ಯುವವನು ಗದರಿದರೆ ಸುಮ್ನೆ ನಿಲ್ಲಬೇಕು. ನಯವಿನಯ ಅಂತ ನೋಡಿದರೆ ಜಪಾನಿನವರ ಮುಂದೆ ನಾವು ಏನೂ ಅಲ್ಲ, ಒಪ್ಪುತ್ತೇನೆ. ಆದರೂ ನನಗೆ ಆ ಗದರಿಕೆಯೇ ಆರೋಗ್ಯವಾಗಿ ಕಾಣುತ್ತದೆ.

ಈಗ ಜಪಾನಿನವರಿಗೂ ಈ ಗಿರಾಕಿ ದೇವರ ಕಾಟ ಸಾಕಾಗಿದೆ. ಹೆಸರು ಹಿಡಿದು ಪೀಡಿಸುವುದು ತಪ್ಪಲಿ ಅಂತ, ಟ್ಯಾಕ್ಸಿಯೊಳಗೆ ಡ್ರೈವರ್ ಹೆಸರು ಹಾಕಲೇಬೇಕು ಎಂಬ ನಿಯಮವನ್ನು 2023ರಲ್ಲಿ ತೆಗೆದುಹಾಕಿದರು. ಗಿರಾಕಿಗಳು ಕೆಲಸಗಾರರನ್ನು ಪೀಡಿಸುವಂತಿಲ್ಲ ಎಂಬ ಟೋಕಿಯೋದ ಕಟ್ಟಳೆ 2025ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಮೀರಿದರೆ ಶಿಕ್ಷೆ ಏನೂ ಇಲ್ಲ. ಒಂದಿಷ್ಟು ದಂಡ ಇಟ್ಟಿದ್ದರೆ ತಪ್ಪೇನಿರಲಿಲ್ಲ ಅಂತ ನನ್ನ ಅನಿಸಿಕೆ.