ಚೈನು ಅಂದರೆ 66 ಅಡಿಯಷ್ಟೇ ಅಲ್ಲ

ಹಳೇ ಟಿಪ್ಪಣಿಯ, ಅಂದರೆ ಜಮೀನಿನ ಸರ್ವೆ ನಕ್ಷೆಯ, ಅಳತೆಯನ್ನು ಆನ್‌ಲೈನ್ ಪರಿವರ್ತಕಕ್ಕೆ ಹಾಕಿದರೆ ಚೈನಿಗೆ 66 ಅಡಿ ಅನ್ನುತ್ತದೆ. ಅದು 100 ಲಿಂಕಿನ ಇಂಗ್ಲಿಷ್ ಚೈನು. ನಮ್ಮ ಮೋಜಣಿಯ (ಭೂಮಾಪನದ) ಚೈನು 33 ಅಡಿ, ಅದಕ್ಕೆ 16 ಪಾಲು, ಒಂದೊಂದು ಪಾಲೂ ಒಂದು ಆಣೆ! 33×33 ಅಂದರೆ 1089 ಚದರಡಿ, ಒಂದು ಗುಂಟೆ. ಉದ್ದ ಇಮ್ಮಡಿ ಆದರೆ ಜಮೀನು ನಾಲ್ಕು ಪಟ್ಟು ಆಗುತ್ತದೆ, ಯಾರಿಗೂ ಅನುಮಾನವೇ ಬರುವುದಿಲ್ಲವಲ್ಲ!

ಇನ್ನೊಂದು ಸಂಕಟ: '5–8' ಅಂತ ಬರೆದಿದ್ದನ್ನು 5.8 ಅಂತ ಓದುವುದು. ಅದು 5 ಚೈನು 8 ಆಣೆ, ಅಂದರೆ ಐದೂವರೆ, 181.5 ಅಡಿ. 5.8 ಅಂದುಕೊಂಡರೆ 191.4. ಹತ್ತಿರ ಹತ್ತು ಅಡಿ ಪಕ್ಕದವರ ಬದುವಿನೊಳಗೆ! ಆಣೆಯನ್ನು ಮೊದಲು 16ರಿಂದ ಭಾಗಿಸಿ, ಚೈನಿಗೆ ಕೂಡಿಸಿ, ಆಮೇಲೆ 10.0584ರಿಂದ ಗುಣಿಸಿದರೆ ಮೀಟರು. ವಿಸ್ತೀರ್ಣದ ಆಣೆಯೇ ಬೇರೆ, ಗುಂಟೆಯ ಹದಿನಾರನೇ ಒಂದು ಪಾಲು.